ಔಟ್ ಆದವರ ಬೆಂಚು

ಬೆಂಚನ್ನು ಹೊರಗೆ ಹಾಕಿಸಿದವಳು ನಾನು. ಇದನ್ನು ಮೊದಲೇ ಹೇಳಬೇಕು. ಬಸವಕಲ್ಯಾಣದಲ್ಲಿ ಈ ಸಂಗತಿ ಗೊತ್ತಿರುವವರಲ್ಲಿ ಕೆಲವರು ನಮ್ಮ ಮಾಲಕರನ್ನು ಬೈಯುತ್ತಾರೆ, ಕೆಲವರು ಅಂಗಡಿಯ ಹುಡುಗರನ್ನು ಬೈಯುತ್ತಾರೆ. ನನ್ನ ವಿಷಯ ಬಂದಾಗ ಮಾತ್ರ, ಪಾಪ, ಆ ಮೇಡಂ ಏನು ಮಾಡಿಯಾರು, ಮೇಲಿನವರು ಹೇಳಿದಂತೆ ಕೇಳಬೇಕಲ್ಲ ಎನ್ನುತ್ತಾರೆ. ಮೇಲಿನವರು ಬೆಂಚಿನ ಬಗ್ಗೆ ಏನೂ ಹೇಳಿರಲಿಲ್ಲ.

ನಮ್ಮದು ಟ್ರ್ಯಾಕ್ಟರ್ ಮತ್ತು ಅದರ ಹಿಂದೆ ಕಟ್ಟುವ ಉಪಕರಣಗಳನ್ನು ಮಾರುವ ಅಂಗಡಿ. ಮುಖ್ಯ ಅಂಗಡಿ ಹುಮನಾಬಾದಿನಲ್ಲಿದೆ. ಬಸವಕಲ್ಯಾಣದ್ದು ಶಾಖೆ, ಅದರ ಮ್ಯಾನೇಜರ್ ನಾನು. ಮೂರು ಜನ ಕೂರುವ ಆ ಕಬ್ಬಿಣದ ಬೆಂಚು ಒಳಗೆ ಗಿರಾಕಿಗಳಿಗೆಂದು ಇತ್ತು. ಒಂದು ಸೋಮವಾರ ಬೆಳಿಗ್ಗೆ ಇಬ್ಬರಿಂದ ಎತ್ತಿಸಿ, ಗಾಜಿನ ಬಾಗಿಲಿನ ಎಡಕ್ಕೆ, ಅಂಗಡಿಯ ಕಡೆ ಮುಖ ಮಾಡಿ ಇಡಿಸಿದೆ. ಅಲ್ಲಿ ಕುಳಿತವನ ಬೆನ್ನು ರಸ್ತೆಗೆ, ಮುಖ ಗಾಜಿಗೆ. ಒಳಗೆ ನಡೆಯುವುದೆಲ್ಲ ಅವನಿಗೆ ಕಾಣುತ್ತದೆ. ಬೆಳಿಗ್ಗೆ ಹನ್ನೊಂದರವರೆಗೆ ಅಲ್ಲಿ ಬಿಸಿಲು ಬೀಳುತ್ತದೆ. ಇಡಿಸುವ ಮೊದಲೇ ಅದನ್ನು ನಾನು ನೋಡಿದ್ದೆ.

ನಾನು ಹುಮನಾಬಾದಿನ ಶಾಲೆಯಲ್ಲಿ ಕಬಡ್ಡಿ ಆಡಿದವಳು. ನಮಗೆ ಕಲಿಸಿದ ಮಾಸ್ತರು ಕಡಿಮೆ ಮಾತಿನವರು. ಅವರ ಎರಡು ಮಾತು ನನಗೆ ಇವತ್ತಿಗೂ ಅವರ ಧ್ವನಿಯಲ್ಲೇ ಕೇಳಿಸುತ್ತವೆ. ಒಂದು, "ಕೈ ಬಿಡಬ್ಯಾಡ." ಇನ್ನೊಂದು, "ಔಟ್ ಅಂದ್ರ ಸತ್ತಂಗ. ಸತ್ತವ್ರು ಮಾತಾಡಂಗಿಲ್ಲ." ನನಗೆ ಹದಿನೈದು ವರ್ಷ. ಒಂದು ಸಂಜೆ ಅಭ್ಯಾಸದಲ್ಲಿ, ಎದುರಿನವಳ ಮಣಕಾಲು ಎದೆಗೆ ಬಂತೆಂದು ಪಕ್ಕದವಳ ಕೈ ಬಿಟ್ಟೆ. ಮಾಸ್ತರು ನೋಡಿದರು. "ಕೈ ಬಿಟ್ಟಾಕಿ ಹೊರಗ ಕುಂಡ್ರು" ಎಂದರು. ಹೊರಗೆ ಕುಳಿತೆ. ಮರುದಿನವೂ ಕೂರಿಸಿದರು. ಹನ್ನೊಂದು ದಿನ ಗೆರೆಯ ಆಚೆ, ಮಣ್ಣಿನಲ್ಲಿ ಕುಳಿತೆ. ಹನ್ನೆರಡನೆಯ ದಿನ ಒಳಗೆ ಕರೆದರು. ಆಮೇಲೆ ನಾನು ಎಂದೂ ಕೈ ಬಿಡಲಿಲ್ಲ. ಜಿಲ್ಲಾ ಮಟ್ಟದವರೆಗೆ ಆಡಿದೆ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲಸಕ್ಕೆ ಸೇರುವಾಗ ಹೇಳಿದೆ. ತಾಲ್ಲೂಕಿನ ಮಹಿಳಾ ಸಂಘದವರು ಕರೆದಾಗ ಹೇಳಿದೆ. ಆ ಹನ್ನೊಂದು ದಿನ ನನ್ನನ್ನು ರೂಪಿಸಿದವು ಎಂದು ಮುಗಿಸುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ಒಂದು ವಿಷಯವನ್ನು ಪ್ರತಿ ಸಲವೂ ಬಿಡುತ್ತಿದ್ದೆ. ಹನ್ನೆರಡನೆಯ ದಿನ ಮಾಸ್ತರು ನನ್ನನ್ನು ಕರೆದದ್ದು ನಾನು ಪಾಠ ಕಲಿತೆನೆಂದಲ್ಲ. ಆ ದಿನ ಒಬ್ಬ ಹುಡುಗಿಗೆ ಜ್ವರ ಬಂದಿತ್ತು, ಏಳನೆಯವಳು ಬೇಕಾಗಿತ್ತು. ಜ್ವರ ಬರದಿದ್ದರೆ ಎಷ್ಟು ದಿನ ಕೂರುತ್ತಿದ್ದೆನೋ ನನಗೆ ಗೊತ್ತಿಲ್ಲ. ಮಾಸ್ತರಿಗೂ ಗೊತ್ತಿರಲಿಕ್ಕಿಲ್ಲ. ಅವರು ನನ್ನನ್ನು ಮರೆತಿದ್ದರು ಎಂದೇ ಈಗ ನನಗೆ ಅನಿಸುತ್ತದೆ.

ಮಾಲಕರಿಗೆ ಈ ಕಥೆ ಬಹಳ ಹಿಡಿಸಿತ್ತು. ಅವರು ಟಿವಿಯಲ್ಲಿ ಕಬಡ್ಡಿ ಬಿಡದೆ ನೋಡುವವರು. ಒಮ್ಮೆ ಹುಮನಾಬಾದಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, "ನೋಡ್ರಿ ಮೇಡಂ, ನಮ್ಮ ಮಂದಿಗೆ ಹಸಿವಿಲ್ಲ. ನಿಮ್ಮ ಮಾಸ್ತರ್ ಮಾಡಿದಂಗ ಇಲ್ಲೂ ಏನರ ಮಾಡ್ರಿ. ಅಂಗಡಿ ಒಂದ್ ಟೀಮ್ ಆಗಬೇಕು" ಎಂದರು. ಅವರು ಹೇಳಿದ್ದು ಇಷ್ಟೆ. ಆಮೇಲೆ ಇನ್ನೊಂದು ಮಾತು ಹೇಳಿದರು, ಅದನ್ನು ಮುಂದೆ ಬರೆಯುತ್ತೇನೆ.

ಶಾಖೆಯಲ್ಲಿ ಮಾರಾಟದವರು ನಾಲ್ವರು. ಮೂವರು ಮೂವತ್ತರೊಳಗಿನವರು, ಅವರಲ್ಲಿ ಎತ್ತರದವನು ಎಲ್ಲರಿಗಿಂತ ಚುರುಕು, ಬಾಯಿಯೂ ಜೋರು. ನಾಲ್ಕನೆಯವರು ಐವತ್ತೇಳು ವರ್ಷದವರು, ರಾಜೇಶ್ವರದವರು. ಮಾಲಕರ ತಂದೆಯ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ.

ಕಾಕಾ ಅಂಗಡಿಯಲ್ಲಿ ಕುಳಿತು ಮಾರಿದವರಲ್ಲ. ವಾರದಲ್ಲಿ ಮೂರು ದಿನ ಹೊಲಗಳ ಮೇಲಿರುತ್ತಿದ್ದರು. ಬದುವಿನ ಮೇಲೆ ನಡೆದು, ಮಣ್ಣು ಹಿಡಿದು ನೋಡಿ, ಮನೆಯಲ್ಲಿ ಚಹಾ ಕುಡಿದು, ಏನನ್ನೂ ಮಾರದೆ ಎದ್ದು ಬರುತ್ತಿದ್ದರು. ಮೂರು ತಿಂಗಳಿಗೋ ಆರು ತಿಂಗಳಿಗೋ ಆ ರೈತ ತಾನಾಗಿ ಅಂಗಡಿ ಹುಡುಕಿಕೊಂಡು ಬರುತ್ತಿದ್ದ. ಒಮ್ಮೆ ಒಬ್ಬ ದೊಡ್ಡ ಟ್ರ್ಯಾಕ್ಟರೇ ಬೇಕೆಂದು ಹಟ ಹಿಡಿದಾಗ ಕಾಕಾ ಕೇಳಿದ್ದರು, "ಯಾಕ್ರಿ, ನಿಮ್ಮ ಭಾವ ತಗೊಂಡಾನಂತೇನು? ಇದು ಲಗ್ನದ ಕುರ್ತಾ ಅಲ್ರಿ, ಅವ್ನದು ನೋಡಿ ನೀವು ಹೊಲಿಸಾಕ. ಮೊದಲ ನನಗ ಹೊಲ ತೋರಸ್ರಿ."

ನಾನು ದಿನಾ ಹುಮನಾಬಾದಿನಿಂದ ಬಸ್ಸಿನಲ್ಲಿ ಹೋಗುತ್ತೇನೆ. ದಾರಿಯಲ್ಲಿ ರಾಜೇಶ್ವರ. ಕಾಕಾ ಅಲ್ಲಿ ಹತ್ತುತ್ತಿದ್ದರು. ನಾನು ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಅವರಿಗೆ ಜಾಗ ಹಿಡಿದಿರುತ್ತಿದ್ದೆ. ಟ್ರ್ಯಾಕ್ಟರಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಆ ಸೀಟಿನಲ್ಲಿ ಕಲಿತದ್ದು. ಬಸ್ಸಿನಲ್ಲಿ ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅಂಗಡಿಯ ಬಾಗಿಲು ದಾಟಿದ ಮೇಲೆ ಮೇಡಂ.

ನಾನು ಮಾಡಿದ ನಿಯಮ ಹೀಗಿತ್ತು. ಪ್ರತಿ ಬೆಳಿಗ್ಗೆ ನಾಲ್ವರೂ ಸಾಲಾಗಿ ನಿಲ್ಲಬೇಕು. ಇವತ್ತು ಯಾವ ರೈತನನ್ನು ಅಂಗಡಿಗೆ ಕರೆತರುತ್ತೇನೆಂದು ಒಬ್ಬೊಬ್ಬರೂ ಹೇಳಬೇಕು. ಸಂಜೆ ಆರರೊಳಗೆ ಅವನು ಬರದಿದ್ದರೆ ಮರುದಿನ ಔಟ್. ಔಟ್ ಆದವನು ಯಾರಾದರೂ ಎಬ್ಬಿಸುವವರೆಗೆ ಬೆಂಚಿನ ಮೇಲೆ ಕೂರಬೇಕು. ಗಿರಾಕಿಗಳೊಂದಿಗೆ ಮಾತಿಲ್ಲ, ಫೋನಿಲ್ಲ. ಒಳಗಿದ್ದವರಲ್ಲಿ ಒಬ್ಬರು ಏನಾದರೂ ಬುಕ್ ಮಾಡಿದರೆ, ಬೆಂಚಿನಿಂದ ಒಬ್ಬನನ್ನು ಭುಜ ಮುಟ್ಟಿ ಎಬ್ಬಿಸಬಹುದು. ಹನ್ನೊಂದು ದಿನ ಯಾರೂ ಎಬ್ಬಿಸದವನು ಹನ್ನೆರಡನೆಯ ದಿನ ಅಂಗಡಿಗೆ ಬರುವ ಅಗತ್ಯವಿಲ್ಲ. ಹನ್ನೊಂದು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಎತ್ತರದವನು ಕೇಳಿದ. ನಾನು ನನ್ನ ಕಥೆ ಹೇಳಿದೆ.

ಕಬಡ್ಡಿ ಬಲ್ಲ ಯಾರಿಗಾದರೂ ಇದರಲ್ಲಿನ ತಪ್ಪು ಕಾಣುತ್ತದೆ. ಆಟದಲ್ಲಿ ಮೊದಲು ಔಟ್ ಆದವನು ಮೊದಲು ಏಳುತ್ತಾನೆ. ಯಾರನ್ನು ಎಬ್ಬಿಸಬೇಕೆಂದು ಯಾರೂ ಆರಿಸುವುದಿಲ್ಲ. ಅಂಕ ಬಂದರೆ ಸಾಲಿನ ಮೊದಲನೆಯವನು, ಬೇಕಾದವನಿರಲಿ ಬೇಡಾದವನಿರಲಿ, ತಾನಾಗಿ ಎದ್ದು ಒಳಗೆ ಬರುತ್ತಾನೆ. ನಾನು ಅದನ್ನು ಬದಲಿಸಿದೆ. ಗೆದ್ದವನು ತನಗೆ ಬೇಕಾದವನನ್ನು ಆರಿಸಲಿ, ಅದರಿಂದ ಹುಡುಗರಲ್ಲಿ ಒಗ್ಗಟ್ಟು ಬೆಳೆಯುತ್ತದೆ ಎಂದು ಮಾಲಕರಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಮುಂದೆ ಬರೆಯುತ್ತೇನೆಂದ ಮಾತು ಇದು. ಆ ದಿನ ಚಹಾ ಮುಗಿಸಿ ಮಾಲಕರು ಹೇಳಿದ್ದರು, "ಕಾಕಾ ನಮ್ಮ ಅಪ್ಪನ ಕಾಲದ ಮನಷಾ. ಹೋಗ್ರಿ ಅನ್ನಾಕ ನನಗ ಬಾಯಿ ಬರಂಗಿಲ್ಲ." ಇಷ್ಟು ಹೇಳಿ ಅವರು ಬೇರೆ ವಿಷಯಕ್ಕೆ ಹೋದರು. ಯಾರೂ ನನಗೆ ಏನನ್ನೂ ಮಾಡು ಎನ್ನಲಿಲ್ಲ. ನಿಯಮ ಬರೆಯುವಾಗ ಆ ಮಾತು ನನ್ನ ತಲೆಯಲ್ಲಿ ಇರಲಿಲ್ಲ ಎಂದು ಬಹಳ ದಿನ ನಂಬಿಕೊಂಡಿದ್ದೆ. ಇತ್ತು.

ಮೊದಲ ಬೆಳಿಗ್ಗೆ ಕಾಕಾ ಒಬ್ಬ ರೈತನ ಹೆಸರು ಹೇಳಿದರು. ಆ ದಿನ ಅವನ ಊರಲ್ಲಿ ಹಗಲು ಕರೆಂಟ್ ಬಂತು. ಅವನು ಕಬ್ಬಿಗೆ ನೀರು ಬಿಡುವುದನ್ನು ಬಿಟ್ಟು ಬರಲಿಲ್ಲ. ಮಂಗಳವಾರ ಕಾಕಾ ಔಟ್. ಜೊತೆಗೆ ಗಡ್ಡದ ಹುಡುಗನೂ ಔಟ್. ಮಧ್ಯಾಹ್ನ ಎತ್ತರದವನು ಒಂದು ನೇಗಿಲು ಬುಕ್ ಮಾಡಿ, ಹೊರಗೆ ಹೋಗಿ ಗಡ್ಡದವನ ಭುಜ ತಟ್ಟಿದ. ಕಾಕಾ ನಕ್ಕು, "ಹೋಗಪಾ ಹೋಗು, ಪ್ರಾಯದವ್ರು ಮೊದಲ" ಎಂದರು.

ಅವರು ಮೊದಲು ಅದನ್ನು ತಮಾಷೆಯಾಗಿಯೇ ತೆಗೆದುಕೊಂಡರು. ಬೆಂಚಿನ ಮೇಲೆ ರುಮಾಲು ಹಾಸಿ ಕುಳಿತರು. ಆಟೋದವರು ರಸ್ತೆಯಿಂದ ಕೂಗುತ್ತಿದ್ದರು.

"ಕಾಕಾ, ಇವತ್ತೂ ಔಟೇನ್ರಿ?"

"ಹೌದಪಾ. ಅಂಪೈರ್ ಭಾಳ ಖಡಕ್ ಅದಾರ."

"ಅಪೀಲ್ ಮಾಡ್ರಲಾ!"

"ಅಪೀಲ್ ಮಾಡಾಕ ಬಾಯಿ ತೆಗೀಬೇಕು. ಬಾಯಿ ತೆಗದ್ರ ಮತ್ತ ಔಟ್."

ಮೂರನೆಯ ದಿನದ ಬೆಳಿಗ್ಗೆ ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ. ಚೀಲ ಎತ್ತಿ ಜಾಗ ತೋರಿಸಿದೆ. "ಇರ್ಲಿ ಮೇಡಂ" ಎಂದು ಕಂಬಿ ಹಿಡಿದು ನಿಂತರು. ಸ್ವಲ್ಪ ಹೊತ್ತಾದ ಮೇಲೆ, ಬಗ್ಗಿ, ಬೇರೆಯವರಿಗೆ ಕೇಳದಂತೆ ಹೇಳಿದರು.

"ನಾ ಹೊಲಕ್ಕ ಹೋದ್ರ ಮಂದಿ ಬರ್ತಾರ. ಹೊಲಕ್ಕ ಹೋಗಾಕ ನಾ ಬೆಂಚ್ ಬಿಟ್ಟು ಏಳಬೇಕು. ಇದರ ದಾರಿ ಹ್ಯಾಂಗ್ರಿ?"

"ಹುಡುಗರು ಎಬ್ಬಸ್ತಾರ ಕಾಕಾ. ಅವರ ಜೋಡಿ ಜರಾ ಹೊಂದ್ಕೊಂಡು ಹೋಗ್ರಿ."

"ಹೊಂದ್ಕೋತೀನ್ರಿ" ಎಂದರು. ಆಮೇಲೆ ಹೇಳಿದರು, "ನನ್ನ ಮಂದಿ ನನಗ ಟ್ರ್ಯಾಕ್ಟರ್ ಕಾಕಾ ಅಂತಾರ. ಈ ಅಂಗಡಿ ಹೋದ್ರ ನಾ ಬರೇ ಕಾಕಾ. ಬರೇ ಕಾಕಾ ಊರಾಗ ಭಾಳ ಮಂದಿ ಅದಾರ್ರಿ."

ಅವರು ನನ್ನ ಸಲಹೆಯಂತೆ ನಡೆದರು. ಹುಡುಗರಿಗೆ ಮನೆಯಿಂದ ಶೇಂಗಾ ಹೋಳಿಗೆ ತಂದರು. ಎತ್ತರದವನು ಎರಡು ತಿಂದ, ಭಾಳ ಛಲೋ ಆಗ್ಯಾವ್ರಿ ಎಂದ. ಆ ಮಧ್ಯಾಹ್ನ ಅವನು ಮತ್ತೆ ಬುಕಿಂಗ್ ಮಾಡಿ ಹೊರಗೆ ಬಂದ. ಬೆಂಚಿನ ಮೇಲೆ ಕಾಕಾ, ಅವರ ಪಕ್ಕ ಇನ್ನೊಬ್ಬ ಹುಡುಗ. ಎತ್ತರದವನು ಕಾಕಾನ ಎದುರು ನಿಂತು ಕೈ ಮುಂದೆ ಚಾಚಿದ. ಕಾಕಾ ಬೆಂಚಿಗೆ ಕೈಯೂರಿ ಅರ್ಧ ಎದ್ದರು. ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ತನ್ನ ತಲೆ ಕೆರೆದುಕೊಂಡ. ಆಮೇಲೆ ಪಕ್ಕದವನ ಭುಜ ಮುಟ್ಟಿದ. ಅರ್ಧ ಎದ್ದವರು ಅರ್ಧದಲ್ಲೇ ಒಂದು ಕ್ಷಣ ನಿಂತು, ಮತ್ತೆ ಕುಳಿತರು. ಒಳಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಜು ಸ್ವಚ್ಛವಾಗಿತ್ತು, ನಾನು ನಕ್ಕದ್ದನ್ನು ಅವರು ನೋಡಿದರು.

ಆಮೇಲೆ ಅದು ದಿನಾ ನಡೆಯುವ ತಮಾಷೆಯಾಯಿತು. ಆರನೆಯ ದಿನದ ಹೊತ್ತಿಗೆ ಕಾಕಾ ಚಾಚಿದ ಕೈಗೆ ಏಳುವುದನ್ನು ಬಿಟ್ಟರು. ಹುಡುಗರಿಗೆ ಬೇಸರವಾಗಿ, ಅವರೂ ಕೈ ಚಾಚುವುದನ್ನು ಬಿಟ್ಟರು. ಆಟೋದವರು ಕೂಗುವುದನ್ನು ನಿಲ್ಲಿಸಿದರು. ಬೆಂಚಿನ ಮೇಲೆ ಅವರು ಇದ್ದಾರೆ ಎಂಬುದೇ ಯಾರಿಗೂ ಹೊಸದಾಗಿ ಕಾಣುತ್ತಿರಲಿಲ್ಲ. ಹುಡುಗರು ಮಾತ್ರ ನಿಜಕ್ಕೂ ಓಡಾಡುತ್ತಿದ್ದರು. ಬೆಂಚಿನ ಕಡೆ ನೋಡಿದಾಗಲೆಲ್ಲ ಅವರ ಧ್ವನಿ ಏರುತ್ತಿತ್ತು, ಗಿರಾಕಿಯನ್ನು ಬಿಡುತ್ತಿರಲಿಲ್ಲ. ಬುಕಿಂಗ್ ಹೆಚ್ಚಾಯಿತು. ಮಾಲಕರು ಫೋನ್ ಮಾಡಿ, "ಮೇಡಂ, ಏನ್ ಜಾದೂ ಮಾಡಾಕತ್ತೀರಿ?" ಎಂದು ಕೇಳಿದರು. ನನಗೆ ಸಂತೋಷವಾಯಿತು. ಅದನ್ನೂ ಬರೆಯಬೇಕು.

ಒಂಬತ್ತನೆಯ ದಿನ ಬೇಮಳಖೇಡದ ರೈತರೊಬ್ಬರು ಬಂದರು. ಕಾಕಾ ಒಂದು ವರ್ಷದಿಂದ ಅವರ ಹೊಲಕ್ಕೆ ಹೋಗಿ ಬರುತ್ತಿದ್ದುದು ನನಗೆ ಗೊತ್ತಿತ್ತು. ಅವರಿಗೆ ರೋಟಾವೇಟರ್ ಬೇಕಿತ್ತು, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಯಂತ್ರ. ಒಳಗೆ ಬಂದವರೇ, "ಕಾಕಾ ಎಲ್ಲಿ ಅದಾರ್ರಿ?" ಎಂದರು. ಆಮೇಲೆ ಗಾಜಿನಾಚೆ ನೋಡಿದರು.

"ಅಯ್ಯ, ಅಲ್ಲೇ ಕುಂತಾರಲ್ಲ! ಕಾಕಾ, ಬಿಸಲಾಗ ಯಾಕ ಕುಂತೀರಿ? ಒಳಗ ಬರ್ರಿ."

ಎತ್ತರದವನು ಹೇಳಿದ, "ಅವ್ರು ಔಟ್ ಆಗ್ಯಾರ್ರಿ."

"ಔಟ್ ಅಂದ್ರ?"

"ನಾವು ಕಬಡ್ಡಿ ಆಡಾಕತ್ತೀವ್ರಿ ಅಂಗಡ್ಯಾಗ."

ರೈತರು ಜೋರಾಗಿ ನಕ್ಕರು. "ಈ ವಯಸ್ಸಿನ್ಯಾಗ ಕಬಡ್ಡಿ! ಮಣಕಾಲ ಜ್ವಾಕಿ ರೀ ಕಾಕಾ!"

ಕಾಕಾ ಕೈ ಮುಗಿದು ನಕ್ಕರು.

ಎತ್ತರದವನು ಅವರಿಗೆ ಏಳು ಫೂಟಿನ ಯಂತ್ರ ತೋರಿಸಿದ. ಎರಡು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ ಎಂದ. ರೈತರು ಅದರ ಸುತ್ತ ಎರಡು ಸಲ ತಿರುಗಿದರು, ಬ್ಲೇಡು ಮುಟ್ಟಿ ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ, ಅದನ್ನು ಅರ್ಧ ತೆರೆದು ಹಿಡಿದು, ಕೇಳಿದರು.

"ಕಾಕಾ, ನೀವು ನನ್ನ ಹೊಲ ನೋಡೀರಿ, ಗಾಡೀನೂ ನೋಡೀರಿ. ಏಳು ಫೂಟಿಂದು ನಡೀತದೇನ್ರಿ?"

ಕಾಕಾನ ಬಾಯಿ ತೆರೆಯಿತು. ಅವರು ರೈತರನ್ನು ದಾಟಿ ನನ್ನನ್ನು ನೋಡಿದರು. ನನ್ನ ಕೊರಳಲ್ಲಿ ಸೀಟಿ ಇತ್ತು. ಬೆಳಗಿನ ಸಾಲಿಗೆ ಊದುವ ಸೀಟಿ. ಅದನ್ನು ತುಟಿಗೆ ಇಟ್ಟೆ. ಊದಲಿಲ್ಲ. ಕಾಕಾ ಬಾಯಿ ಮುಚ್ಚಿ ನೆಲ ನೋಡಿದರು. ರೈತರ ಬೆನ್ನು ನನ್ನ ಕಡೆ ಇತ್ತು. ಅವರಿಗೆ ನಾನು ಕಾಣಲಿಲ್ಲ. ಸ್ವಲ್ಪ ಹೊತ್ತು ಕಾದರು.

"ಕಾಕಾ ಬ್ಯಾಡ ಅನ್ನಲಿಲ್ಲ ಅಂದ್ರ ಆತು ಬಿಡ್ರಿ. ಬರಕೋರಿ" ಎಂದರು.

ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಬಸ್ಸಿನಲ್ಲಿ ಕಾಕಾನೇ ಹೇಳಿಕೊಟ್ಟಿದ್ದರು. "ಮಸಾರಿ ಹೊಲಕ್ಕ ಅಗಲ ಮಷೀನ್ ಹಚ್ಚಬಾರ್ದು ತಂಗಿ. ಒಳಗ ಕಲ್ಲಿರ್ತಾವ. ಸಣ್ಣ ಗಾಡಿ ಮೂತಿ ಎತ್ತತದ, ಬ್ಲೇಡ್ ಮುರೀತಾವ. ಐದ್ ಫೂಟ್ ಸಾಕು." ಬೇಮಳಖೇಡದ ಆ ಹೊಲ ಕೆಂಪು ಮಸಾರಿ ಮಣ್ಣಿನದು. ಅವರ ಟ್ರ್ಯಾಕ್ಟರ್ ಸಣ್ಣದು, ಹಳೆಯದು. ಇದೆಲ್ಲ ನನಗೆ ಗೊತ್ತಿತ್ತು.

ರೈತರು ಹೋದ ಮೇಲೆ ಎತ್ತರದವನು ನನ್ನ ಮೇಜಿನ ಹತ್ತಿರ ಬಂದ. ಆ ದಿನ ಬೆಂಚಿನ ಮೇಲೆ ಕಾಕಾ ಒಬ್ಬರೇ ಇದ್ದರು. ಆರಿಸಲು ಬೇರೆ ಯಾರೂ ಇರಲಿಲ್ಲ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

"ಮೇಡಂ, ಕಾಕಾಗ ಎಬ್ಬಿಸಲೇಬೇಕೇನ್ರಿ?"

ಹೌದು ಎಂದಿದ್ದರೆ ಅವನು ಹೋಗಿ ಎಬ್ಬಿಸುತ್ತಿದ್ದ. ಅಷ್ಟೇ ಸಾಕಾಗಿತ್ತು.

"ಅದು ನಿನ್ನ ಹಕ್ಕು. ಎಬ್ಬಿಸಲೇಬೇಕಂತ ಏನಿಲ್ಲ" ಎಂದೆ.

ಅವನು ಹಿಂದಿನ ಬಾಗಿಲಿನಿಂದ ಚಹಾ ಕುಡಿಯಲು ಹೋದ. ಕಾಕಾ ಗಾಜಿನ ಮೂಲಕ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಮಾತು ಕೇಳಿಸಿರಲಿಕ್ಕಿಲ್ಲ. ಅವನು ಯಾವ ಬಾಗಿಲಿನಿಂದ ಹೋದನೆಂಬುದು ಕಂಡಿತು.

ಆ ಸಂಜೆಯ ಬಸ್ಸಿನಲ್ಲಿ ಕಾಕಾ ನನ್ನ ಸೀಟಿನ ಹತ್ತಿರ ಬಂದರು. ಹತ್ತಿರದಿಂದ ನೋಡಿದಾಗ ಅವರ ಕತ್ತಿನ ಹಿಂಭಾಗ ಬಿಸಿಲಿಗೆ ಕಪ್ಪಾಗಿ, ಸಿಪ್ಪೆ ಏಳುತ್ತಿತ್ತು.

"ಮೇಡಂ, ಒಂದ್ ಮಾತು ಕೇಳ್ಲೇನ್ರಿ? ಬೇಮಳಖೇಡದವ್ರಿಗೆ ಒಂದ್ ಫೋನ್ ಮಾಡ್ತೀನಿ. ಮಷೀನ್ ಇಳಸೋದ್ರಾಗ ಹೇಳಿಬಿಡ್ತೀನಿ. ಈಗ ಅಂಗಡಿ ಹೊರಗ ಅದೀನಲ್ರಿ."

ಅನುಮತಿ ಕೇಳದೆ ಅವರು ಫೋನ್ ಮಾಡಬಹುದಿತ್ತು. ಕೇಳಿದರು. ಸುತ್ತ ಜನರಿದ್ದರು, ಅಂಗಡಿಯ ಎದುರಿನ ಹೋಟೆಲಿನವನೂ ಇದ್ದ. ಎಲ್ಲರೆದುರು ನಾನು ಮೆತ್ತಗಾದೆನೆಂದು ಕಾಣಬಾರದಿತ್ತು.

"ಔಟ್ ಆದವ್ರು ಬಸ್ಸಿನ್ಯಾಗೂ ಔಟೇ ರೀ ಕಾಕಾ" ಎಂದೆ.

ಹೋಟೆಲಿನವನು ನಕ್ಕ. ಕಾಕಾ "ಹೌದ್ರಿ" ಎಂದರು. ರಾಜೇಶ್ವರ ಬಂದಾಗ ಇಳಿದರು. ಅವರು ಫೋನ್ ಮಾಡಲಿಲ್ಲ. ಐವತ್ತೇಳು ವರ್ಷದ ಮನುಷ್ಯ, ಯಾರೂ ನೋಡದ ತನ್ನ ಮನೆಯಲ್ಲಿ ಕುಳಿತು, ನನ್ನ ಆಟದ ನಿಯಮವನ್ನು ಪಾಲಿಸಿದರು. ಇನ್ನು ಎರಡು ದಿನ ಉಳಿದಿದ್ದವು. ನಿಯಮ ಮುರಿಯದಿದ್ದರೆ ಯಾರಾದರೂ ಎಬ್ಬಿಸಬಹುದು ಎಂದು ಅವರು ಇನ್ನೂ ನಂಬಿದ್ದರೆಂದು ಕಾಣುತ್ತದೆ.

ಹತ್ತನೆಯ ದಿನ ಏನೂ ಆಗಲಿಲ್ಲ.

ಹನ್ನೊಂದನೆಯ ದಿನ, ಹತ್ತೂವರೆಯ ಹೊತ್ತಿಗೆ, ಬೇಮಳಖೇಡದ ರೈತರು ಮೋಟರ್ ಸೈಕಲ್ ಮೇಲೆ ಬಂದರು. ಅಂಗಡಿಯೊಳಗೆ ಬರಲಿಲ್ಲ. ನೇರ ಬೆಂಚಿಗೆ ಹೋದರು. ಗೋಣಿಚೀಲದಿಂದ ಮುರಿದ ಬ್ಲೇಡಿನ ಎರಡು ತುಂಡು ತೆಗೆದು ಕಾಕಾನ ತೊಡೆಯ ಮೇಲೆ ಇಟ್ಟರು. ಮಣ್ಣು ಇನ್ನೂ ಅಂಟಿಕೊಂಡಿತ್ತು. ನಾನು ಎದ್ದು ಬಾಗಿಲಿಗೆ ಬಂದೆ.

"ಇಂಥಾವು ನಾಕು ಮುರದಾವ. ಗಾಡಿ ಮುಂದಿನ ಗಾಲಿ ಎತ್ತಾಕತ್ತದ. ನನ್ನ ಹೆಂಡತಿ ಬದುವಿನ ಮ್ಯಾಲ ನಿಂತು ಚೀರಿದಳು" ಎಂದರು ರೈತರು. ಅವರ ಧ್ವನಿ ಜೋರಾಗಿರಲಿಲ್ಲ. "ಆ ಹುಡುಗನ ಮಾತಿಗೆ ನಾ ತಗೊಂಡಿಲ್ರಿ ಕಾಕಾ. ನಿಮ್ಮ ಮುಖ ನೋಡಿ ತಗೊಂಡೆ. ನಿಮಗ ಗೊತ್ತಿತ್ತು. ಒಂದ್ ಮಾತು ಅನ್ನಲಿಲ್ಲಲ್ರಿ."

ಕಾಕಾ ತುಂಡುಗಳನ್ನು ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಈಗಲೂ, ಇಷ್ಟಾದ ಮೇಲೂ, ಮಾತಾಡಲೇ ಎಂದು ಅವರ ಕಣ್ಣು ಕೇಳುತ್ತಿತ್ತು. ನಾನು ಏನೂ ಮಾಡಲಿಲ್ಲ. ಹೌದು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ಇನ್ನೂ ಬಾಯಿ ಬಿಡಂಗಿಲ್ಲೇನ್ರಿ?" ಎಂದರು ರೈತರು. "ಒಂದ್ ವರ್ಷ ನಮ್ಮ ಮನ್ಯಾಗ ಚಹಾ ಕುಡದೀರಿ."

ಕಾಕಾ ತುಂಡುಗಳನ್ನು ಬೆಂಚಿನ ಮೇಲೆ ಇಟ್ಟು ಎದ್ದರು. ಕೂತು ಕೂತು ಕಾಲು ಹಿಡಿದಿತ್ತು. ಒಂದು ಹೆಜ್ಜೆಗೆ ವಾಲಿದರು. ರೈತರು ಕೈ ಕೊಡಲಿಲ್ಲ. ಕಾಕಾ ನನ್ನನ್ನು ದಾಟಿ ಒಳಗೆ ಹೋಗಿ, ತಮ್ಮ ಮೇಜಿನ ಖಾನೆಯಿಂದ ಅಳತೆಯ ಟೇಪು ಮತ್ತು ಪಾನಾ ತೆಗೆದುಕೊಂಡರು. ಹುಡುಗರು ದಾರಿ ಬಿಟ್ಟರು.

"ಕಾಕಾ, ಯಾರೂ ಎಬ್ಬಿಸಿಲ್ಲ. ಎದ್ದು ಹೋದ್ರ ಆಟ ಮುಗೀತದ" ಎಂದೆ. ನನ್ನ ಧ್ವನಿ ನನಗೇ ಮಾಸ್ತರರ ಧ್ವನಿಯಂತೆ ಕೇಳಿಸಿತು.

"ಮುಗೀಲಿ ಬಿಡ್ರಿ ಮೇಡಂ. ಬ್ಲೇಡ್ ಮುರದು ಹೊಲದಾಗ ಗಾಡಿ ನಿಂತದ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಮೋಟರ್ ಸೈಕಲ್ ಹತ್ತಿರ ಹೋಗಿ, ರೈತರು ಹತ್ತಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಕಾದು ನಿಂತರು. ರೈತರು ಅವರ ಮುಖ ನೋಡದೆ ಗಾಡಿ ಸುರು ಮಾಡಿದರು. ಸ್ವಲ್ಪ ತಡೆದು, "ಕುಂಡ್ರ್ರಿ" ಎಂದರು.

ಕಾಕಾ ಯಂತ್ರವನ್ನು ಹೇಗೆ ಸರಿಮಾಡಿದರು, ಆ ರೈತರು ಅವರನ್ನು ಮತ್ತೆ ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಮಳಖೇಡದಿಂದ ಆಮೇಲೆ ನಮ್ಮ ಅಂಗಡಿಗೆ ಯಾರೂ ಬಂದಿಲ್ಲ.

ಸಂಜೆ ಮಾಲಕರ ಫೋನ್ ಬಂತು.

"ಕಾಕಾ ಹೋದ್ರಂತಲ್ಲ?"

"ಹೋದ್ರು ಸರ್."

"ಯಾರರ ಹೋಗಂತ ಅಂದ್ರೇನು?"

"ಇಲ್ರಿ. ತಾವಾಗೇ ಎದ್ದು ಹೋದ್ರು."

ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಛಲೋ ಆತು. ಅಪ್ಪಾವ್ರ ಕಾಲದ ಮನಷಾ. ಮನಸಿಗೆ ಹತ್ತಬಾರ್ದು ನೋಡ್ರಿ."

ಕಾಕಾನನ್ನು ಆಮೇಲೆ ಒಂದೇ ಸಲ ನೋಡಿದೆ. ಬಸ್ಸು ರಾಜೇಶ್ವರದಲ್ಲಿ ನಿಂತಾಗ, ಚಹಾದಂಗಡಿಯ ಎದುರು ಇಬ್ಬರು ಮುದುಕರ ಜೊತೆ ನಿಂತಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡು, ಯಾವಾಗಿನಂತೆ ಅವರೇ ಮೊದಲು ಕೈ ಮುಗಿದರು. ನಾನು ಮುಗಿಯುವಷ್ಟರಲ್ಲಿ ಬಸ್ಸು ಹೊರಟಿತ್ತು. ಪಕ್ಕದ ಮುದುಕರಲ್ಲಿ ಒಬ್ಬರು, ಬಸ್ಸಿನಲ್ಲಿರುವವಳು ಯಾರು ಎಂದು ಕಾಕಾನನ್ನು ಕೇಳುತ್ತಿದ್ದಂತೆ ಕಂಡಿತು. ಕಾಕಾ ಏನು ಹೇಳಿದರೋ ಕೇಳಿಸಲಿಲ್ಲ.

ಮರು ತಿಂಗಳು ಮಾಲಕರು ಮಾಣಿಕನಗರದಲ್ಲಿ ಒಂದು ಹಾಲ್ ಗೊತ್ತುಮಾಡಿ ಎರಡೂ ಅಂಗಡಿಗಳ ಸಿಬ್ಬಂದಿಯನ್ನು ಸೇರಿಸಿದರು. ಹುಮನಾಬಾದಿನಲ್ಲೂ ಈ ಪದ್ಧತಿ ಸುರುವಾಗಬೇಕು, ನಾನು ಅದನ್ನು ವಿವರಿಸಬೇಕು. ಹಿಂದಿನ ದಿನ ಅವರಿಗೆ ಫೋನ್ ಮಾಡಿ, ನಿಯಮದಲ್ಲಿ ಒಂದು ಬದಲಾವಣೆ ಬೇಕು, ಮೊದಲು ಔಟ್ ಆದವರು ಮೊದಲು ಏಳುವಂತಾಗಲಿ ಎಂದು ಹೇಳಿದ್ದೆ.

"ಯಾಕ್ರಿ? ಆರಿಸೋದು ಛಲೋ ನಡದದಲ್ಲ?"

"ನಡದದ್ರಿ."

"ಮತ್ತ? ನಡದದ್ದನ್ನ ಯಾಕ ಕೆದರ್ತೀರಿ?"

ಸರಿ ಎಂದು ಫೋನ್ ಇಟ್ಟೆ. ಕಾರಣ ಹೇಳಬೇಕಾದರೆ ನನ್ನಿಂದಲೇ ಸುರು ಮಾಡಬೇಕಿತ್ತು. ಕೆಲಸ ಬಿಡುವ ಯೋಚನೆಯೂ ಮಾಡಿದ್ದೆ. ಬಿಡಲಿಲ್ಲ.

ಹಾಲಿನಲ್ಲಿ ಎಲ್ಲರಿಗೂ ಹೊಸ ನೋಟ್‌ಬುಕ್ಕು, ಪೆನ್ನು ಕೊಟ್ಟಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ: ಸಾಲು, ಸೀಟಿ, ಬೆಂಚು, ಹನ್ನೊಂದು ದಿನ. ಎಲ್ಲರೂ ಬರೆದುಕೊಂಡರು. ಬಸವಕಲ್ಯಾಣದಲ್ಲಿ ಫಲಿತಾಂಶ ಹೇಗೆ ಬಂತೆಂದು ಮಾಲಕರೇ ಎದ್ದು ಹೇಳಿದರು. ಕಾಕಾನ ಬಗ್ಗೆ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಪ್ರಶ್ನೆ ಇದ್ದರೆ ಕೇಳಿರಿ ಎಂದೆ. ಮೂರನೆಯ ಸಾಲಿನಲ್ಲಿ ಹುಮನಾಬಾದಿನ ಬಿಡಿಭಾಗಗಳ ಕೌಂಟರಿನವರು ಕುಳಿತಿದ್ದರು. ಅರವತ್ತರ ಹತ್ತಿರದವರು, ದಪ್ಪ ಕನ್ನಡಕ. ಇಡೀ ಹೊತ್ತು ಅವರೊಬ್ಬರೇ ಬರೆಯದೆ ನನ್ನನ್ನು ನೋಡುತ್ತಿದ್ದರು. ಅವರು ಕೈ ಎತ್ತಿ, ಎದ್ದು ನಿಂತು, ಬಹಳ ಮರ್ಯಾದೆಯಿಂದ ಕೇಳಿದರು.

"ಮೇಡಂ, ನನಗ ಶುಗರ್ ಅದ. ಬೆಂಚಿನ ಮ್ಯಾಲ ಕುಂತಾಗ ನಡುವ ಒಮ್ಮೆ ನೀರಿಗೆ, ಬಾತ್‌ರೂಮಿಗೆ ಏಳಬಹುದೇನ್ರಿ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮಾಲಕರು ನನ್ನ ಕಡೆ ನೋಡಿದರು.

"ಏಳಬಹುದ್ರಿ. ಹೇಳಿ ಏಳಬೇಕು" ಎಂದೆ.

ಅವರು ಕುಳಿತು, ಪೆನ್ನು ತೆಗೆದು, ಅದನ್ನು ಬರೆದುಕೊಂಡರು.